ಕಥಾಸ್ಪರ್ಧೆಯವರಿಗೆ ಸನ್ಮಾನ ಸಮಿತಿ ಅಧ್ಯಕ್ಷರ ಬಹಿರಂಗ ಪತ್ರ

ಗೆ,
ಪ್ರಜಾವಾಣಿ ದೀಪಾವಳಿ ಕಥಾಸ್ಪರ್ಧೆಯವರು,
ಬೆಂಗಳೂರು.

ವಿಷಯ: ತಮ್ಮನ್ನು ಸನ್ಮಾನಿಸುವ ಬಗ್ಗೆ ಮತ್ತು ಅದಕ್ಕೆ ತಮ್ಮಿಂದಲೇ ಆಗುತ್ತಿರುವ ಅಡಚಣೆಗಳ ಬಗ್ಗೆ.

ಮಾನ್ಯರೇ,

ಆರು ದಶಕ ದಾಟಿ ನಡೆದುಕೊಂಡು ಬಂದಿರುವ ತಮ್ಮ ಕಥಾಸ್ಪರ್ಧೆಗೆ ಹಾಸನ ಸೀಮೆಯ ಪರವಾಗಿ ಅದ್ದೂರಿ ಸನ್ಮಾನ ಮಾಡಬೇಕೆಂದು ನಮ್ಮ ಸಮಿತಿ ಸರ್ವಾನುಮತದಿಂದ ತೀರ್ಮಾನಿಸಿದೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ನಾಲ್ಕೂ ತಾಲ್ಲೂಕಿನ ಪ್ರತಿನಿಧಿಗಳು ಹಾಜರಿದ್ದರು. ಬೇಲೂರು, ಸಕಲೇಶಪುರ, ಅರಸೀಕೆರೆ, ಆಲೂರಿನವರನ್ನು ಕರೆಯಲಿಲ್ಲ. ಕರೆದಿದ್ದರೆ ವೇದಿಕೆಯ ಮೇಲೆ ಕುರ್ಚಿ ಸಾಲುತ್ತಿರಲಿಲ್ಲ. ಸಮಿತಿಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಬರೆದರೆ ಜಿಲ್ಲೆಯ ಉಳಿದ ಸಮಿತಿಯವರು ತಮ್ಮ ಹೆಸರು ಯಾಕಿಲ್ಲ ಎಂದು ಮುಖ ದಪ್ಪ ಮಾಡಿಕೊಳ್ಳುತ್ತಾರೆ.

ತೀರ್ಮಾನವೇನೋ ಕಾಫಿ ಬರುವಷ್ಟರಲ್ಲಿ ಆಯಿತು. ತೊಡಕು ಶುರುವಾದದ್ದು ಕಾಫಿ ಕುಡಿದ ಮೇಲೆ. ಸನ್ಮಾನ ಎಂದರೆ ಶಾಲು. ಶಾಲಿಗೆ ಹೆಗಲು ಬೇಕು, ಮೈಸೂರು ಪೇಟಕ್ಕೆ ತಲೆ ಬೇಕು, ಹಣ್ಣಿನ ಬುಟ್ಟಿ ಹಿಡಿಯಲು ಎರಡು ಕೈ ಬೇಕು. ಸ್ಪರ್ಧೆಗೆ ಈ ಯಾವುದೂ ಇಲ್ಲ. ಗೆದ್ದವರನ್ನೆಲ್ಲ ಕರೆಸಿ ಹೊದಿಸೋಣ ಎಂದರೆ ಅವರು ನಾಡಿನ ಮೂಲೆಮೂಲೆಯಲ್ಲಿ ಚದುರಿಹೋಗಿದ್ದಾರೆ, ಎಷ್ಟೋ ಜನ ಈಗ ಇಲ್ಲ. ತೀರ್ಪುಗಾರರಿಗೆ ಹೊದಿಸೋಣ ಎಂದರೆ ಅವರು ವರ್ಷ ವರ್ಷವೂ ಬೇರೆ ಬೇರೆ. ‘ಗೌಡ್ರೇ, ಹೋದ ಸಲದ ಶಾಲು ಬೀರುವಿನಲ್ಲಿ ಹಾಗೇ ಉಳಿದವೆ. ಯಾರಿಗಾದ್ರೂ ಹೊದಿಸಿ ಮುಗಿಸಿ. ನುಸಿ ಹಿಡಿದ್ರೆ ಲೆಕ್ಕ ಕೊಡೋರ್ಯಾರು?’ ಎಂದು ಖಜಾಂಚಿಗಳು ಗೊಣಗಿದ್ದು ನಡಾವಳಿ ಪುಸ್ತಕದಲ್ಲಿ ದಾಖಲಾಗಿದೆ.

ಸನ್ಮಾನದ ವಿಚಾರದಲ್ಲಿ ನಮ್ಮ ಜಿಲ್ಲೆಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂಬುದನ್ನು ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ. ಸುಮಾರು 450ರದ್ದು ಎನ್ನುವ ಹಲ್ಮಿಡಿ ಶಾಸನ 1936ರಲ್ಲಿ ಬೆಳಕಿಗೆ ಬಂದದ್ದು ನಮ್ಮ ಬೇಲೂರು ತಾಲ್ಲೂಕಿನಲ್ಲಿ. ಕನ್ನಡದ ಮೊದಲ ಶಾಸನ ಎಂದು ಸ್ಕೂಲಿನಲ್ಲಿ ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಾರೆ, ಅದರೊಳಗೆ ಏನಿದೆ ಎಂದು ಯಾರೂ ಹೇಳಿಕೊಡುವುದಿಲ್ಲ. ಅದರೊಳಗೆ ಇರುವುದು ಸನ್ಮಾನ. ಯುದ್ಧದಲ್ಲಿ ಪರಾಕ್ರಮ ತೋರಿದ ವಿಜ ಅರಸನಿಗೆ ಕತ್ತಿ ತೊಳೆಯುವ ಮರ್ಯಾದೆ ಮಾಡಿ ಎರಡು ಊರು ಬಿಟ್ಟುಕೊಟ್ಟ ದಾಖಲೆ. ಇರುವುದೇ ಹದಿನಾರು ಸಾಲು. ಮೊದಲು ದೇವರ ಸ್ತುತಿ, ಆಮೇಲೆ ಕದಂಬ ದೊರೆಯ ಗುಣಗಾನ, ಅದಾದ ಮೇಲೆ ಗಣ್ಯಮಾನ್ಯರ ಹೆಸರುಗಳು. ಸನ್ಮಾನಿತನ ಸರದಿ ಬರುವುದು ಶಾಸನ ಅರ್ಧ ದಾಟಿದ ಮೇಲೆ. ಇವತ್ತಿಗೂ ನಮ್ಮ ಆಹ್ವಾನ ಪತ್ರಿಕೆಯ ಕ್ರಮ ಅದೇ, ಒಂದು ಅಕ್ಷರ ಆಚೀಚೆ ಮಾಡಿಲ್ಲ. ಕೊಟ್ಟದ್ದನ್ನು ಕಿತ್ತುಕೊಂಡವನಿಗೆ ಮಹಾಪಾತಕ ಎಂಬ ಎಚ್ಚರಿಕೆಯೂ ಕೊನೆಗಿದೆ. ವಂದನಾರ್ಪಣೆಯೊಂದು ಬಿಟ್ಟುಹೋಗಿದೆ. ಕಲ್ಲು ಸಾಲದೆ ಹೋಗಿರಬೇಕು.

ಇಂಥ ಪರಂಪರೆಯವರು ನಾವು. ಮಾನಪತ್ರ ಬರೆಸಬೇಕೆಂದು ತಮ್ಮ ಪೂರ್ವಾಪರ ವಿಚಾರಿಸಿದೆವು. ವಿಚಾರಿಸಿದಷ್ಟೂ ದಿಗಿಲಾಯಿತು. ಇಷ್ಟು ವರ್ಷ ಬಹುಮಾನ ಕೊಟ್ಟಿದ್ದೀರಿ, ಕೊಡುವ ರೀತಿ ಮಾತ್ರ ಇನ್ನೂ ಕಲಿತಿಲ್ಲ. ಬೇಸರಪಡಬೇಡಿ, ಹಿರಿಯರೆಂದು ಹೇಳುತ್ತಿದ್ದೇನೆ.

ಕತೆಯ ಹಾಳೆಯ ಮೇಲೆ ಬರೆದವರ ಹೆಸರಿರಕೂಡದು, ಹೆಸರು ವಿಳಾಸ ಬೇರೆ ಹಾಳೆಯಲ್ಲಿರಲಿ ಎಂಬುದು ಕಥಾಸ್ಪರ್ಧೆಗಳಲ್ಲಿ ವಾಡಿಕೆಯಂತೆ. ಹಾಗಾದರೆ ತೀರ್ಪುಗಾರರು ಏನನ್ನು ನೋಡಿ ತೀರ್ಪು ಕೊಡಬೇಕು? ಬರೀ ಕತೆಯನ್ನೇ? ನಮ್ಮಲ್ಲಿ ಮೊದಲು ಹೆಸರು, ಆಮೇಲೆ ಊರು, ಆಮೇಲೆ ಮನೆತನ, ಕೊನೆಗೆ ಪಕ್ಷ. ಈ ನಾಲ್ಕೂ ಸರಿಬಂದರೆ ಕೃತಿ ಯಾವುದಾದರೇನು, ಇಲ್ಲದಿದ್ದರೂ ನಡೆಯುತ್ತದೆ. ತಮ್ಮಲ್ಲಿ ಶಾಸಕರ ಶಿಫಾರಸು ಪತ್ರ ಲಗತ್ತಿಸಲು ಜಾಗವೇ ಇಲ್ಲ. ಇದುವರೆಗೆ ಪಡೆದ ಪ್ರಶಸ್ತಿಗಳ ಪಟ್ಟಿ ಕೇಳುವುದಿಲ್ಲ. ಈ ಹಿಂದೆ ಪ್ರಶಸ್ತಿಯೇ ಪಡೆಯದವನಿಗೆ ಪ್ರಶಸ್ತಿ ಕೊಡುವುದು ಎಷ್ಟು ಅಪಾಯ ಎಂದು ತಮಗೆ ಗೊತ್ತಿಲ್ಲ. ಅವನು ವೇದಿಕೆಯ ಮೇಲೆ ಎಲ್ಲಿ ನಿಲ್ಲಬೇಕು, ಫೋಟೊಗೆ ಯಾವ ಕಡೆ ನೋಡಬೇಕು ಎನ್ನುವುದರಿಂದ ಹಿಡಿದು ಹೇಳಿಕೊಡಬೇಕಾಗುತ್ತದೆ.

ಒಂದು ಉದಾಹರಣೆ ಕೊಡುತ್ತೇನೆ. ಪೂರ್ಣಚಂದ್ರ ತೇಜಸ್ವಿ ಇನ್ನೂ ತರುಣರಾಗಿದ್ದಾಗ ‘ಲಿಂಗ ಬಂದ’ ಎಂಬ ಕತೆಗೆ ತಮ್ಮ ದೀಪಾವಳಿ ಬಹುಮಾನ ಬಂತು. ಮಳೆ ಹಿಡಿದ ಮಲೆನಾಡು, ಅದನ್ನು ನೋಡುವ ಒಬ್ಬ ಹುಡುಗನ ಕಣ್ಣು. ಇದನ್ನು ಕೇಳಿದಾಗ ನಮ್ಮ ಸಮಿತಿಗೆ ಸಮಾಧಾನವೇ ಆಯಿತು. ಕುವೆಂಪು ಮಗ, ಕೊಟ್ಟಿದ್ದಾರೆ, ಇವರೂ ನಮ್ಮಂಥವರೇ ಅಂದುಕೊಂಡೆವು. ಆದರೆ ಆ ಕತೆ ಓದಿದವರೆಲ್ಲ, ಅದು ಚೆನ್ನಾಗಿದ್ದದ್ದಕ್ಕೇ ಬಹುಮಾನ ಬಂದದ್ದು ಎನ್ನುತ್ತಾರೆ. ಕೈಯಲ್ಲಿ ಅಷ್ಟು ಒಳ್ಳೆಯ ಕಾರಣ ಇಟ್ಟುಕೊಂಡು ಇನ್ನೊಂದು ಕಾರಣ ಹುಡುಕಿಕೊಂಡು ಹೋಗುವುದು ಯಾವ ಸೀಮೆ ನ್ಯಾಯ?

ಇನ್ನು ತಾವು ಆರಿಸಿಕೊಂಡಿರುವ ಕಾಲ. ನಮ್ಮ ಹಾಸನಾಂಬೆಯ ಬಾಗಿಲು ತೆರೆಯುವುದು ವರ್ಷಕ್ಕೊಮ್ಮೆ, ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರ. ಬಲಿಪಾಡ್ಯಮಿಯ ಆಸುಪಾಸಿಗೆ ಮತ್ತೆ ಮುಚ್ಚುತ್ತಾರೆ. ಹೋದ ವರ್ಷ ಹಚ್ಚಿಟ್ಟ ದೀಪ ಆರಿರುವುದಿಲ್ಲ, ಮುಡಿಸಿದ ಹೂವು ಬಾಡಿರುವುದಿಲ್ಲ ಎಂಬುದು ಭಕ್ತರ ನಂಬಿಕೆ. ತಾವು ಬಾಗಿಲು ತೆರೆಯುವುದೂ ಅದೇ ಹಬ್ಬಕ್ಕೆ. ವಿಶೇಷಾಂಕ ಬರುತ್ತದೆ, ಬಹುಮಾನಿತ ಕತೆ ನಾಲ್ಕು ಜನರ ಕಣ್ಣಿಗೆ ಬೀಳುತ್ತದೆ. ಹಬ್ಬ ಮುಗಿಯುತ್ತಿದ್ದಂತೆ ಸಣ್ಣಕತೆ ಎಂಬುದನ್ನು ಒಳಗಿಟ್ಟು ನಾವು ಬೀಗ ಜಡಿಯುತ್ತೇವೆ. ಮುಂದಿನ ವರ್ಷ ತೆಗೆದು ನೋಡಿದರೆ ಉರಿಯುತ್ತಲೇ ಇರುತ್ತದೆ. ಅಷ್ಟು ದಿನ ಎಣ್ಣೆ ಹಾಕಿದವರು ಯಾರು ಎಂದು ನಮ್ಮ ಸಮಿತಿ ಯಾವತ್ತೂ ವಿಚಾರಿಸಿಲ್ಲ. ಆದರೆ ಒಂದು ವ್ಯತ್ಯಾಸವನ್ನು ಗಮನಕ್ಕೆ ತರಲೇಬೇಕು. ದೇವಿಯ ದರ್ಶನಕ್ಕೆ 300 ರೂಪಾಯಿ ಸಾಲಿದೆ, 1000 ರೂಪಾಯಿ ಸಾಲಿದೆ, ಪಾಸಿನವರಿಗೆ ಬೇರೆ ದಾರಿಯಿದೆ. ತಮ್ಮಲ್ಲಿ ಧರ್ಮದರ್ಶನದ ಸಾಲು ಒಂದೇ. ಅಕಾಡೆಮಿ ಸದಸ್ಯನೂ ಅಲ್ಲೇ ನಿಲ್ಲಬೇಕು, ಕೊಣನೂರಿನ ಪಿಯುಸಿ ಹುಡುಗಿಯೂ ಅಲ್ಲೇ ನಿಲ್ಲಬೇಕು. ಹೀಗಾದರೆ ದೊಡ್ಡವರು ಕತೆ ಬರೆಯುವುದಾದರೂ ಹೇಗೆ?

ಮುಖ್ಯವಾದ ತಕರಾರು ಇನ್ನೂ ಇದೆ. ತಾವು ಕೊಡುವುದು ಒಂದು ಸಣ್ಣಕತೆಗೆ. ಪುಸ್ತಕಕ್ಕಲ್ಲ, ಒಂದೇ ಒಂದು ಕತೆಗೆ. ಮೂರು ಪುಟ, ನಾಲ್ಕು ಪುಟ. ಅಮೆರಿಕದವರೂ ಓ ಹೆನ್ರಿ ಹೆಸರಿನಲ್ಲಿ 1919ರಿಂದ ಬಿಡಿಕತೆಗಳಿಗೇ ಬಹುಮಾನ ಕೊಡುತ್ತಾ ಬಂದಿದ್ದಾರೆ ಎಂದು ಯಾರೋ ಹೇಳಿದರು. ಅಮೆರಿಕದವರು ಏನು ಬೇಕಾದರೂ ಮಾಡುತ್ತಾರೆ. ನಮ್ಮಲ್ಲಿ ತೂಕಕ್ಕೊಂದು ಮರ್ಯಾದೆ ಇದೆ. ಮಾಸ್ತಿಯವರನ್ನು ನೋಡಿ. ‘ಕೆಲವು ಸಣ್ಣ ಕತೆಗಳು’ ಬಂದದ್ದು 1920ರಲ್ಲಿ. ಅಲ್ಲಿಂದ ಬದುಕಿಡೀ ಕತೆ ಬರೆದರು, ಸಣ್ಣಕತೆಗಳ ಜನಕ ಎನಿಸಿಕೊಂಡರು. 1983ರಲ್ಲಿ ಜ್ಞಾನಪೀಠ ಬಂದಾಗ ಅದು ‘ಚಿಕವೀರ ರಾಜೇಂದ್ರ’ ಕಾದಂಬರಿಯ ಹೆಸರಿನಲ್ಲಿ. ಇದಕ್ಕೆ ಔಚಿತ್ಯ ಅನ್ನುತ್ತಾರೆ. ಕೇಂದ್ರ ಸಾಹಿತ್ಯ ಅಕಾಡೆಮಿ ಮಾತ್ರ ಆಗಾಗ ಎಡವಿದೆ. 1968ರಲ್ಲಿ ಅದೇ ಮಾಸ್ತಿಯವರ ಸಣ್ಣಕತೆಗಳಿಗೆ ಕೊಟ್ಟಿತು, 1983ರಲ್ಲಿ ಚಿತ್ತಾಲರ ‘ಕಥೆಯಾದಳು ಹುಡುಗಿ’ಗೆ, 1993ರಲ್ಲಿ ಲಂಕೇಶರ ‘ಕಲ್ಲು ಕರಗುವ ಸಮಯ’ಕ್ಕೆ, 2009ರಲ್ಲಿ ವೈದೇಹಿಯವರ ‘ಕ್ರೌಂಚ ಪಕ್ಷಿಗಳು’ ಸಂಕಲನಕ್ಕೆ. ಅಷ್ಟಿಷ್ಟು ಎಡವುವುದು ಸಹಜ ಎಂದು ಸುಮ್ಮನಿದ್ದೆವು. ತಾವು ವರ್ಷ ವರ್ಷವೂ ಎಡವುತ್ತೀರಿ.

ಈ ಬಗ್ಗೆ ಸಭೆಯಲ್ಲಿ ಚರ್ಚೆ ಕಾವೇರಿತು. ಚನ್ನರಾಯಪಟ್ಟಣದ ಪ್ರತಿನಿಧಿಗಳು ಎದ್ದು ನಿಂತು ತಮ್ಮ ತಾಲ್ಲೂಕಿನ ಸಂತೇಶಿವರದ ಎಸ್.ಎಲ್. ಭೈರಪ್ಪನವರನ್ನು ಸಾಕ್ಷಿಗೆ ಕರೆದರು. ಅವರೂ 1955ರಲ್ಲಿ ‘ಗತಜನ್ಮ ಮತ್ತೆರಡು ಕಥೆಗಳು’ ಬರೆದವರೇ. ಮುಂದೆ ಕಾದಂಬರಿಗೆ ಬಂದರು, ‘ಗೃಹಭಂಗ’ ಬಂತು, ‘ದಾಟು’ ಬಂತು, ‘ಮಂದ್ರ’ಕ್ಕೆ ಸರಸ್ವತಿ ಸಮ್ಮಾನ್ ಬಂತು. ‘ಕತೆಯಲ್ಲೇ ಕೂತಿದ್ರೆ ಬರ್ತಿತ್ತಾ?’ ಎಂದು ಮೇಜು ಕುಟ್ಟಿದರು. ಅದಕ್ಕೆ ಅರಕಲಗೂಡಿನವರು, ‘ನಮ್ಮ ಅನಕೃ ನೂರು ದಾಟಿ ಕಾದಂಬರಿ ಬರೆದರು’ ಎಂದು ಎದೆ ಸೆಟೆಸಿದರು. ಅನಕೃ ಹುಟ್ಟಿದ್ದು ಕೋಲಾರದಲ್ಲಿ ಎಂದು ಹಾಸನದವರು ಕಾಲೆಳೆದರೆ, ‘ಹೆಸರಿನ ಮೊದಲಕ್ಷರ ಯಾವೂರದು ನೋಡ್ಕಳಿ’ ಎಂಬ ಉತ್ತರ ಬಂತು. ಅರಕಲಗೂಡು ನರಸಿಂಗರಾಯರ ಮಗ ಕೃಷ್ಣರಾಯರು. ಅಕ್ಷರದ ಮಟ್ಟಿಗೆ ಅವರ ವಾದ ಸರಿ.

ಹಾಸನದವರು ಬಿಡುತ್ತಾರೆಯೇ? 1908ರಲ್ಲಿ ಹಾಸನದಲ್ಲೇ ಹುಟ್ಟಿದ ರಾಜಾರಾವ್ ಅವರನ್ನು ಮುಂದೆ ಮಾಡಿದರು. ಮೊದಮೊದಲು ‘ಜಯ ಕರ್ನಾಟಕ’ ಪತ್ರಿಕೆಗೆ ಕನ್ನಡದಲ್ಲಿ ಬರೆದರು, ಆಮೇಲೆ ಇಂಗ್ಲಿಷಿಗೆ ಹೋದರು, ‘ಕಾಂತಾಪುರ’ ಬರೆದರು, 1988ರಲ್ಲಿ ಅಮೆರಿಕದ ನ್ಯೂಸ್ಟಾಟ್ ಪ್ರಶಸ್ತಿ ಬಂತು. ಸಭೆಯಲ್ಲಿದ್ದ ಒಬ್ಬರೂ ಅವರನ್ನು ಓದಿರಲಿಲ್ಲವಾದ್ದರಿಂದ ಅವರ ಶ್ರೇಷ್ಠತೆಯ ಬಗ್ಗೆ ಯಾವ ಭಿನ್ನಾಭಿಪ್ರಾಯವೂ ಬರಲಿಲ್ಲ.

ಗೊರೂರು ರಾಮಸ್ವಾಮಿ ಅಯ್ಯಂಗಾರರ ಮಾತು ಬಂದಾಗ ಮಾತ್ರ ಎಲ್ಲರೂ ಓದಿದವರೇ. ಸ್ಕೂಲಿನಲ್ಲಿ ಪಾಠವಿತ್ತು. ಹೇಮಾವತಿಯ ದಂಡೆ, ‘ಹಳ್ಳಿಯ ಚಿತ್ರಗಳು’, ಅಲ್ಲಿನ ಜನ, ಅವರ ಜಗಳ, ಅವರ ನಗು, ಐವತ್ತು ವರ್ಷ ಅದನ್ನೇ ಬರೆದರು. ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ 1980ರಲ್ಲಿ ಬಂದದ್ದು ‘ಅಮೆರಿಕಾದಲ್ಲಿ ಗೊರೂರು’ ಪುಸ್ತಕಕ್ಕೆ. ಗೊರೂರಿನಲ್ಲಿ ಗೊರೂರು ಇದ್ದಷ್ಟು ದಿನ ದೆಹಲಿಗೆ ಕಾಣಲಿಲ್ಲ, ವಿಮಾನ ಹತ್ತಿದ ಮೇಲೆ ಕಂಡರು. ನಮ್ಮ ಸಮಿತಿ ಇದನ್ನು ಮಾದರಿ ಎಂದು ಭಾವಿಸುತ್ತದೆ. ಹಿತ್ತಲ ಗಿಡ ಮದ್ದಾಗಬೇಕಾದರೆ ಒಮ್ಮೆ ವಿದೇಶಕ್ಕೆ ಹೋಗಿಬರಬೇಕು.

ಹೊಳೆನರಸೀಪುರದ ಪ್ರತಿನಿಧಿಗಳು ಇಷ್ಟು ಹೊತ್ತೂ ಸುಮ್ಮನಿದ್ದರು. ‘ನಿಮ್ಮೂರಿನ ಕತೆಗಾರರು ಯಾರು?’ ಎಂದು ಕೇಳಿದ್ದಕ್ಕೆ, ‘ನಾವು ದೇಶಕ್ಕೆ ಪ್ರಧಾನಮಂತ್ರಿ ಕೊಟ್ಟಿದ್ದೀವಿ, ಕತೆ ಯಾಕೆ?’ ಎಂದು ಹೇಳಿ ಮತ್ತೆ ಕೂತರು. ಅದೇ ಊರಿನಲ್ಲಿ ಅಧ್ಯಾತ್ಮ ಪ್ರಕಾಶ ಕಾರ್ಯಾಲಯ 1937ರಿಂದ ಶಂಕರರ ಭಾಷ್ಯಗಳನ್ನು ಕನ್ನಡದಲ್ಲಿ ಅಚ್ಚು ಹಾಕುತ್ತಾ ಬಂದಿದೆ. ಶಾಲನ್ನೂ ಕೇಳದೆ ಅಷ್ಟು ಪುಸ್ತಕ ತಂದ ಸಂಸ್ಥೆಯನ್ನು ಯಾವ ಪಟ್ಟಿಯಲ್ಲಿ ಸೇರಿಸಬೇಕೆಂದು ತಿಳಿಯದೆ ಆ ವಿಷಯವನ್ನು ಮುಂದಿನ ಸಭೆಗೆ ಬಿಟ್ಟೆವು.

ಈಗ ಸೂಕ್ಷ್ಮವಾದ ವಿಚಾರಕ್ಕೆ ಬರುತ್ತೇನೆ. 2025ರ ಮೇ 20ರಂದು ಲಂಡನ್ನಿನ ಟೇಟ್ ಮಾಡರ್ನ್‌ನಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಘೋಷಣೆಯಾಯಿತು. ಬಂದದ್ದು ಬಾನು ಮುಷ್ತಾಕ್ ಅವರಿಗೆ. 1990ರಿಂದ 2023ರವರೆಗೆ ಬರೆದದ್ದರಲ್ಲಿ ಹನ್ನೆರಡು ಕತೆ ಆರಿಸಿ ಮಡಿಕೇರಿಯ ದೀಪಾ ಭಾಸ್ತಿಯವರು ಇಂಗ್ಲಿಷಿಗೆ ತಂದ ‘ಹಾರ್ಟ್ ಲ್ಯಾಂಪ್’. ಐವತ್ತು ಸಾವಿರ ಪೌಂಡ್, ಬರೆದವರಿಗೂ ಅನುವಾದಿಸಿದವರಿಗೂ ಸಮಪಾಲು. ಕನ್ನಡಕ್ಕೆ ಮೊದಲನೆಯದು. ಅದಕ್ಕಿಂತ ಕಸಿವಿಸಿಯ ಸಂಗತಿಯೆಂದರೆ, ಸಣ್ಣಕತೆಗಳ ಸಂಕಲನವೊಂದಕ್ಕೆ ಆ ಪ್ರಶಸ್ತಿ ಬಂದದ್ದೂ ಅದೇ ಮೊದಲು. ನಾವು ಇಷ್ಟು ವರ್ಷ ಸಣ್ಣದೆಂದು ಪಕ್ಕಕ್ಕಿಟ್ಟಿದ್ದನ್ನೇ ಎತ್ತಿ ಹಿಡಿದುಬಿಟ್ಟರು.

ತಕ್ಷಣ ನಮಗೆ ಎಲ್ಲ ನೆನಪಾಯಿತು. ನಮ್ಮ ಊರಿನ ವಕೀಲರು. ‘ಲಂಕೇಶ್ ಪತ್ರಿಕೆ’ಗೆ ವರದಿ ಮಾಡುತ್ತಿದ್ದವರು. ನಗರಸಭೆಯಲ್ಲಿ ಸದಸ್ಯರಾಗಿದ್ದವರು. ಗಿರೀಶ ಕಾಸರವಳ್ಳಿ ‘ಹಸೀನಾ’ ಸಿನಿಮಾ ತೆಗೆದದ್ದು ಇವರ ‘ಕರಿ ನಾಗರಗಳು’ ಕತೆಯಿಂದ, ನಟಿ ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂದದ್ದು ಆ ಸಿನಿಮಾದಿಂದ. ಮಸೀದಿಯಲ್ಲಿ ಹೆಂಗಸರಿಗೂ ಪ್ರವೇಶ ಇರಲಿ ಎಂದದ್ದಕ್ಕೆ 2000ದ ಸುಮಾರಿಗೆ ಸಾಮಾಜಿಕ ಬಹಿಷ್ಕಾರ ಉಂಡವರು. ಸರ್ವಸಮ್ಮತವಾದ ಮರ್ಯಾದೆ ಆಗ ಅದೊಂದೇ ಸಿಕ್ಕಿದ್ದು. ಮೇ 21ರ ಬೆಳಿಗ್ಗೆ ನೋಡಬೇಕಿತ್ತು ತಾವು. ಫ್ಲೆಕ್ಸ್ ಅಂಗಡಿಯಲ್ಲಿ ಸಾಲು ನಿಂತಿತ್ತು. ‘ಹೆಮ್ಮೆಯ ಪುತ್ರಿ’ ಎಂದು ಹಾಕಿಸಿದವರ ಪೈಕಿ ಒಬ್ಬರು ನನ್ನನ್ನು ಪಕ್ಕಕ್ಕೆ ಕರೆದು, ‘ಅಣ್ಣಾ, ಕನ್ನಡದಲ್ಲಿ ಬರೀತಾರಾ, ಇಂಗ್ಲಿಷಲ್ಲಾ?’ ಎಂದು ಕೇಳಿದರು. ಕನ್ನಡ ಎಂದೆ. ‘ಹಾಗಾದ್ರೆ ನಾವೂ ಓದಬಹುದಿತ್ತಲ್ಲ’ ಎಂದು ನಿಟ್ಟುಸಿರು ಬಿಟ್ಟರು. ಓದಬಹುದಿತ್ತು ಎಂಬ ಭೂತಕಾಲ ಗಮನಿಸಿ. ಪ್ರಶಸ್ತಿ ಬಂದ ಮೇಲೆ ಓದುವ ಹೊಣೆ ತೀರಿತು ಎಂಬುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ.

ಆಗಸ್ಟಿನ ಹೊತ್ತಿಗೆ ಇನ್ನೂ ಒಳ್ಳೆಯದಾಯಿತು. ಮೈಸೂರು ದಸರಾ ಉದ್ಘಾಟನೆಗೆ ಅವರನ್ನು ಕರೆದರು. ಕರೆಯಬಹುದೇ ಬಾರದೇ ಎಂದು ಟೀವಿಯಲ್ಲಿ, ಕಟ್ಟೆಯಲ್ಲಿ, ಮದುವೆಮನೆಯಲ್ಲಿ ಚರ್ಚೆ. ಹೈಕೋರ್ಟಿಗೆ ಹೋಯಿತು, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋಯಿತು, ಸೆಪ್ಟೆಂಬರ್ 19ರಂದು ಅರ್ಜಿ ವಜಾ ಆಯಿತು, 22ರಂದು ಅವರು ಚಾಮುಂಡಿಬೆಟ್ಟದಲ್ಲಿ ಹೂವು ಹಾಕಿದರು. ಇಷ್ಟೆಲ್ಲದರ ನಡುವೆ ಹನ್ನೆರಡರಲ್ಲಿ ಒಂದು ಕತೆಯ ಬಗ್ಗೆಯೂ ನಮ್ಮೂರ ಕಟ್ಟೆಯಲ್ಲಿ ಯಾರೂ ಬಾಯಿಬಿಡಲಿಲ್ಲ. ಒಬ್ಬ ಕತೆಗಾರ್ತಿಯ ಮೇಲೆ ಒಂದು ತಿಂಗಳು ಮಾತಾಡಿಯೂ ಕತೆಯನ್ನು ಮುಟ್ಟದೆ ಉಳಿಸಿದ ಈ ಸಂಯಮಕ್ಕೇ ಒಂದು ಪ್ರಶಸ್ತಿ ಇಡಬೇಕು. ಅದೇ ತಿಂಗಳ 24ರಂದು ಭೈರಪ್ಪನವರು ತೀರಿಕೊಂಡರು. ಒಂದೇ ವಾರದಲ್ಲಿ ಜಿಲ್ಲೆಯ ಇಬ್ಬರು ಲೇಖಕರು ಊರ ತುಂಬ. ನಮ್ಮ ಫ್ಲೆಕ್ಸಿನವನು ಒಂದರ ಮಸಿ ಒಣಗುವ ಮೊದಲೇ ಇನ್ನೊಂದನ್ನು ಹಾಕಿದ. ಎರಡರ ಕೆಳಗೂ ‘ಶುಭಕೋರುವವರು’ ಎಂದೇ ಅಚ್ಚಾಗಿತ್ತು, ಮಧ್ಯಾಹ್ನದವರೆಗೆ ಯಾರೂ ಗಮನಿಸಲಿಲ್ಲ.

ಇಷ್ಟು ಬರೆದ ಮೇಲೆ ಈ ಪತ್ರವನ್ನು ಟೈಪ್ ಮಾಡುತ್ತಿರುವ ಹೆಣ್ಣುಮಗಳ ವಿಷಯವನ್ನೂ ತಮ್ಮ ಗಮನಕ್ಕೆ ತರಬೇಕಾಗಿದೆ. ಡಿಟಿಪಿ ಅಂಗಡಿಯಲ್ಲಿ ಕೆಲಸ, ಅರಕಲಗೂಡು ಕಡೆಯವಳು. ನಮ್ಮ ಮಾನಪತ್ರಗಳೆಲ್ಲ ಅವಳ ಕೈಯಲ್ಲೇ ಆಗುವುದು. ಕೆಲಸ ಚುರುಕು, ಬಾಯಿಯೂ ಚುರುಕು. ‘ಸಾರ್, ಹೋದ ತಿಂಗಳಿನವರೂ ಸಾಹಿತ್ಯ ದಿಗ್ಗಜ, ಇವರೂ ಸಾಹಿತ್ಯ ದಿಗ್ಗಜ. ಹೆಸರೊಂದು ಬದಲಾಯಿಸಿಬಿಡ್ಲಾ?’ ಎಂದು ಕೇಳುತ್ತಾಳೆ. ಬದಲಾಯಿಸು ಎನ್ನುತ್ತೇನೆ. ಸಮಯ ಉಳಿಯುತ್ತದೆ.

ಈ ಹುಡುಗಿ ತಮ್ಮ ಸ್ಪರ್ಧೆಗೆ ಕತೆ ಕಳಿಸುತ್ತಾಳೆಂದು ಗೊತ್ತಾದದ್ದು ಮೊನ್ನೆ. ಯಾರ ಶಿಫಾರಸು ಹಿಡಿದಿದ್ದೀಯಮ್ಮಾ ಎಂದೆ. ನಕ್ಕಳು. ಏನು ಕತೆ ಎಂದು ಕೇಳಿದೆ. ಹೊಗೆಸೊಪ್ಪಿನ ಬ್ಯಾರನ್ನಿಗೆ ರಾತ್ರಿಯಿಡೀ ಸೌದೆ ಹಾಕುತ್ತಾ ಕೂರುವ ಹೆಂಗಸಿನ ಕತೆಯಂತೆ. ಗಂಡ ರಾಮನಾಥಪುರದ ಹರಾಜು ಮಾರುಕಟ್ಟೆಗೆ ಹೋದವನು ಬೇಲು ಮಾರಿದ ದುಡ್ಡನ್ನು ಯಾರಿಗೆ ಕೊಟ್ಟುಬಂದ ಎಂಬುದು ಅವಳಿಗೆ ಬೆಂಕಿ ನೋಡುತ್ತಾ ನೋಡುತ್ತಾ ಹೊಳೆಯುತ್ತದಂತೆ. ಅಷ್ಟೇ. ಕೊಲೆ ಇಲ್ಲ, ಭಾಷಣ ಇಲ್ಲ. ಹೊಗೆಸೊಪ್ಪು ಬೆಳೆಯುವ ನಮ್ಮ ಅರಕಲಗೂಡಿನ ಪ್ರತಿನಿಧಿಗಳಿಗೆ ಹೇಳಿದೆ. ‘ಅದರಲ್ಲಿ ಕತೆ ಏನೈತೆ? ನಮ್ಮನೇಲೂ ಬ್ಯಾರನ್ ಐತೆ, ನಮ್ಮನೆಯೋಳೂ ಸೌದೆ ಹಾಕ್ತಾಳೆ’ ಎಂದರು. ಎಂದವರು ಯಾಕೋ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಆ ದುಡ್ಡಿನ ವಿಷಯ ಅವಳಿಗೆ ಯಾರು ಹೇಳಿದ್ರಂತೆ?’ ಎಂದು ಕೇಳಿದರು.

ಬಹುಮಾನ ಬರಲಿಲ್ಲವಂತೆ. ಬರದಿದ್ದರೆ ಯಾಕಮ್ಮಾ ಕಳಿಸುತ್ತೀಯ, ನಮ್ಮ ಸಮಿತಿಗೆ ಅರ್ಜಿ ಹಾಕು, ಯುವ ಪ್ರತಿಭೆ ವಿಭಾಗದಲ್ಲಿ ಇಬ್ಬರ ಜಾಗ ಖಾಲಿ ಇದೆ ಎಂದೆ. ಅದಕ್ಕೆ ಅವಳ ಉತ್ತರ: ‘ಕೊನೇ ದಿನಾಂಕ ಅಂತ ಒಂದು ಇರ್ತದಲ್ಲ ಸಾರ್, ಅದಿಲ್ದಿದ್ರೆ ನಾನು ಆ ಕತೆ ಮುಗಿಸ್ತಾನೇ ಇರ್ಲಿಲ್ಲ. ಇಷ್ಟೇ ಪದ ಅಂತ ಬೇರೆ ಇರ್ತದೆ. ಅದಕ್ಕೋಸ್ಕರ ಎರಡು ಪುಟ ಕಿತ್ತೆ. ಕಿತ್ತ ಮೇಲೇ ಅದು ಕತೆ ಆಗಿದ್ದು. ಗೊತ್ತಿಲ್ದೋರು ಯಾರೋ ಕೂತ್ಕೊಂಡು ಮೊದಲಿಂದ ಕೊನೇವರೆಗೂ ಓದ್ತಾರೆ ಅನ್ನೋದೊಂದು ಸಾಕು.’ ಹೀಗೆ ತಾವು ಪ್ರತಿ ವರ್ಷ ಮೂವರಿಗೋ ನಾಲ್ವರಿಗೋ ಬಹುಮಾನ ಕೊಟ್ಟು, ಬಹುಮಾನ ಬಾರದ ನೂರಾರು ಜನರನ್ನು ಬರೆಯುವ ಚಟಕ್ಕೆ ಹಚ್ಚುತ್ತಿದ್ದೀರಿ. ನಮ್ಮ ಕಡೆ ಲೆಕ್ಕ ಸರಳ. ಬಂದವರಿಗೆಲ್ಲ ಪ್ರಶಸ್ತಿ, ಆಮೇಲೆ ಯಾರೂ ಬರೆಯುವುದಿಲ್ಲ. ರಾಜ್ಯೋತ್ಸವ ಪ್ರಶಸ್ತಿಯನ್ನೇ ನೋಡಿ, ಎಷ್ಟನೇ ರಾಜ್ಯೋತ್ಸವವೋ ಅಷ್ಟು ಜನಕ್ಕೆ. 2025ರಲ್ಲಿ ಎಪ್ಪತ್ತು. ವರ್ಷಕ್ಕೊಂದು ಸೀಟು ತಾನಾಗಿ ಹೆಚ್ಚುತ್ತದೆ, ಕಾಯುವವನಿಗೆ ಭರವಸೆ ಇರುತ್ತದೆ.

ಇರಲಿ. ಕಾರ್ಯಕ್ರಮದ ವಿವರಕ್ಕೆ ಬರುತ್ತೇನೆ. ಹಾಸನಾಂಬ ಜಾತ್ರೆಯ ದಿನಗಳಲ್ಲಿ ಹಾಸನದಲ್ಲಿ ಲಾಡ್ಜ್ ಸಿಗುವುದಿಲ್ಲವಾದ್ದರಿಂದ ಬಾಗಿಲು ಮುಚ್ಚಿದ ಮೇಲಿನ ಭಾನುವಾರ ಇಟ್ಟುಕೊಂಡಿದ್ದೇವೆ. ಪ್ರಾರ್ಥನೆ, ನಾಡಗೀತೆ, ರೈತಗೀತೆ, ಸ್ವಾಗತ, ಪ್ರಾಸ್ತಾವಿಕ ನುಡಿ, ಉದ್ಘಾಟನೆ, ಮುಖ್ಯ ಅತಿಥಿಗಳ ಭಾಷಣ, ವಿಶೇಷ ಅತಿಥಿಗಳ ಭಾಷಣ, ಗೌರವ ಉಪಸ್ಥಿತಿಯವರ ಭಾಷಣ, ನನ್ನ ಅಧ್ಯಕ್ಷೀಯ ನುಡಿ, ವಂದನಾರ್ಪಣೆ, ಊಟ. ಚನ್ನರಾಯಪಟ್ಟಣದ ಅಡುಗೆಯವರನ್ನು ಗೊತ್ತುಮಾಡಿದ್ದೇವೆ. ಅವರೆಕಾಳಿನ ಕಾಲವಾದರೆ ಹಿತಕವರೆ ಸಾರೂ ಉಂಟು.

ಪಟ್ಟಿ ಓದಿ ಮುಗಿಸಿದಾಗ ಟೈಪ್ ಮಾಡುತ್ತಿದ್ದ ಹುಡುಗಿ ತಲೆ ಎತ್ತದೆ, ‘ಇದರಲ್ಲಿ ಕತೆ ಎಲ್ಲಿದೆ ಸಾರ್?’ ಎಂದಳು. ಎಲ್ಲರೂ ಪಟ್ಟಿಯನ್ನು ಇನ್ನೊಮ್ಮೆ ನೋಡಿದೆವು. ಇರಲಿಲ್ಲ. ತಮ್ಮ ಬಹುಮಾನ ಪಡೆದ ಒಂದು ಕತೆಯನ್ನು ವೇದಿಕೆಯಲ್ಲಿ ಓದಿಸಬೇಕೆಂದು ತಕ್ಷಣ ನಿರ್ಣಯ ಮಾಡಿ ನಾಲ್ಕು ನಿಮಿಷ ಗೊತ್ತುಮಾಡಿದೆವು. ನಾಲ್ಕು ನಿಮಿಷದಲ್ಲಿ ಕತೆ ಓದಲಾಗುವುದಿಲ್ಲ, ಕಡಿಮೆಯೆಂದರೂ ಇಪ್ಪತ್ತು ಬೇಕು ಎಂದಳು. ಸಾರಾಂಶ ಓದಿದರೆ ಸಾಲದೇ ಎಂದು ಹೊಳೆನರಸೀಪುರದವರು ಕೇಳಿದರು. ಸಾರಾಂಶ ಹೇಳುವುದಾದರೆ ಕಾದಂಬರಿ ತೆಗೆದುಕೊಳ್ಳಿ, ಕತೆಗೆ ಆಗುವುದಿಲ್ಲ ಎಂದಳು.

ಹದಿನಾರು ನಿಮಿಷ ಎಲ್ಲಿಂದ ತರುವುದು? ಮುಖ್ಯ ಅತಿಥಿಗಳ ಭಾಷಣ ಕಡಿಮೆ ಮಾಡಿದರೆ ಅನುದಾನ ಕಡಿಮೆಯಾಗುತ್ತದೆ. ವಿಶೇಷ ಅತಿಥಿಗಳು ಊಟದ ಖರ್ಚು ವಹಿಸಿದ್ದಾರೆ. ಗೌರವ ಉಪಸ್ಥಿತಿಯವರು ಬರುವುದೇ ಮಾತಾಡಲಿಕ್ಕೆ. ವಂದನಾರ್ಪಣೆಯಲ್ಲಿ ಒಂದು ಹೆಸರು ಬಿಟ್ಟರೂ ಮುಂದಿನ ಸಲ ಶಾಮಿಯಾನ ಸಿಗುವುದಿಲ್ಲ. ಅಧ್ಯಕ್ಷೀಯ ನುಡಿಯ ಹೆಸರು ಯಾರೋ ಎತ್ತಿದರು. ಅವರು ಯಾರೆಂದು ಗುರುತು ಹಾಕಿಕೊಂಡಿದ್ದೇನೆ. ಯಾರ ಭಾಷಣ ಮೊಟಕು ಮಾಡಬೇಕೆಂಬುದು ಇತ್ಯರ್ಥವಾಗದ ಕಾರಣ ಸನ್ಮಾನ ಸಮಾರಂಭವನ್ನು ಸದ್ಯಕ್ಕೆ ಮುಂದೂಡಲಾಗಿದೆ. ಹೊಸ ದಿನಾಂಕವನ್ನು ಪತ್ರ ಮುಖೇನ ತಿಳಿಸುತ್ತೇವೆ. ಅಲ್ಲಿಯವರೆಗೆ ತಮ್ಮ ಎರಡು ಭಾವಚಿತ್ರ ಹಾಗೂ ಸ್ವವಿವರ ಕಳಿಸಿಕೊಡಬೇಕಾಗಿ ವಿನಂತಿ.

ಇಂತಿ ತಮ್ಮ ವಿಶ್ವಾಸಿ,
ಅಧ್ಯಕ್ಷರು, ಸನ್ಮಾನ ಸಮಿತಿ,
ಹಾಸನ.

ಪ್ರತಿಗಳು: ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಪ್ರತಿನಿಧಿಗಳಿಗೆ ಮಾಹಿತಿಗಾಗಿ. ಡಿಟಿಪಿ ಅಂಗಡಿಗೆ, ಬಾಕಿ ಬಿಲ್ಲಿನ ಸಲುವಾಗಿ.